ಇಳಿದದ್ದು ಕೊಬ್ಬೋ ಸ್ನಾಯುವೋ: ನನ್ನ ಅನುಭವ

ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿಯಿದೆ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಭಾಗವನ್ನು ತೆಗೆಸಿಕೊಂಡ ಮೂರು ತಿಂಗಳಿಗೆ ನನ್ನ ತೂಕ 118 ಕೆ.ಜಿ.ಯಿಂದ 95ಕ್ಕೆ ಇಳಿದಿತ್ತು. ಹಳೆಯ ಗಿರಾಕಿಗಳೇ ಗುರುತು ಹಿಡಿಯದಷ್ಟು ಸೊರಗಿದ್ದೆ, ಒಳಗೊಳಗೇ ಹೆಮ್ಮೆಯೂ ಇತ್ತು. ಆದರೆ ಒಂದು ಬೆಳಗ್ಗೆ ಅಂಗಡಿಯ ಶಟರ್ ಮೊಣಕಾಲಿನ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಪಟ್ಟಿಗೆ ತುಕ್ಕು ಹಿಡಿದಿರಬೇಕೆಂದು ಗ್ರೀಸ್ ಹಚ್ಚಿಸಿದೆ. ಮರುದಿನವೂ ಅದೇ ಕಥೆಯಾಗಿ, ಪಕ್ಕದ ಅಂಗಡಿಯ ಹುಡುಗ ಅದನ್ನು ಒಂದೇ ಕೈಯಲ್ಲಿ ಎತ್ತಿಕೊಟ್ಟಾಗ ದೋಷ ಎಲ್ಲಿದೆಯೆಂದು ತಿಳಿಯಿತು.

ದೇಹದಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂದು ತೋರಿಸುವ ಯಂತ್ರದ ಮೇಲೆ ನಿಂತು, ಬಂದ ಚೀಟಿಯನ್ನು ಶಸ್ತ್ರಚಿಕಿತ್ಸೆಗೆ ಮುನ್ನ ತೆಗೆದಿದ್ದ ಚೀಟಿಯ ಪಕ್ಕದಲ್ಲಿಟ್ಟು ನೋಡಿದೆ. ಹೋದ 23 ಕೆ.ಜಿ.ಯಲ್ಲಿ ಕೊಬ್ಬು 15 ಮಾತ್ರ. ಉಳಿದ 8 ಕೊಬ್ಬಲ್ಲದ ಭಾಗದ್ದು. ಅದಷ್ಟೂ ಸ್ನಾಯುವೇ ಎಂದಲ್ಲ. ಊಟ ಕಡಿಮೆಯಾದ ಮೊದಲ ದಿನಗಳಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿರುವ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಕರಗುವಾಗ, ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರೂ ಹೊರಟುಹೋಗುತ್ತದೆ. ಅದನ್ನು ಕಳೆದರೂ ನನ್ನ ನಷ್ಟ ದೊಡ್ಡದೇ ಆಗಿತ್ತು.

ಕಾರಣ ನನ್ನ ತಟ್ಟೆಯಲ್ಲಿಯೇ ಇತ್ತು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂದು ಆಹಾರತಜ್ಞೆ ಬರೆದುಕೊಟ್ಟಿದ್ದರೂ, ಹೊಟ್ಟೆಗೆ ಹಗುರವೆಂದು ನಾನು ರಾಗಿ ಅಂಬಲಿ ಮತ್ತು ಮೊಸರನ್ನದಲ್ಲೇ ದಿನ ದೂಡಿದ್ದೆ. ಅಂಗಡಿಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಒಂದು ವಾರ ತಿಂದದ್ದನ್ನೆಲ್ಲ ಜಮಾ ಮಾಡಿ ಕೂಡಿಸಿದರೆ, ಯಾವ ದಿನವೂ 30 ಗ್ರಾಂ ದಾಟಿರಲಿಲ್ಲ. ನಾಲ್ಕು ತುತ್ತಿಗೇ ತುಂಬುವ ಹೊಟ್ಟೆಯಲ್ಲಿ ಮೊದಲ ತುತ್ತು ಅನ್ನದ್ದಾದರೆ ಮೊಟ್ಟೆಗೆ ಜಾಗವೆಲ್ಲಿ? ಆದ್ದರಿಂದ ಸರದಿಯನ್ನೇ ಬದಲಿಸಿದೆ: ಬೆಳಗ್ಗೆ ಎರಡು ಮೊಟ್ಟೆ, ಹನ್ನೊಂದಕ್ಕೆ ಹಾಲಿನಲ್ಲಿ ಕದಡಿದ ಪ್ರೋಟೀನ್ ಪುಡಿ, ಮಧ್ಯಾಹ್ನ ಪನೀರ್ ಅಥವಾ ಬೇಯಿಸಿದ ಹೆಸರುಕಾಳು, ಜಾಗ ಉಳಿದರೆ ಮಾತ್ರ ಅನ್ನ. ಬೆಣ್ಣೆದೋಸೆಯ ಊರಿನಲ್ಲಿದ್ದು ಇದನ್ನು ಪಾಲಿಸುವುದು ಸುಲಭವಾಗಿರಲಿಲ್ಲ.

ಕುಂದುವಾಡ ಕೆರೆಯ ದಂಡೆಯ ನಡಿಗೆಯನ್ನು ಬಿಡಲಿಲ್ಲ, ಆದರೆ ನಡಿಗೆಯೊಂದರಿಂದಲೇ ತೋಳುಗಳಿಗೆ ಕೆಲಸ ಸಿಗುವುದಿಲ್ಲವಾದ್ದರಿಂದ ವಾರಕ್ಕೆ ಮೂರು ದಿನ ರಬ್ಬರ್ ಪಟ್ಟಿ ಎಳೆಯುವುದನ್ನೂ, ನೀರು ತುಂಬಿದ ಕ್ಯಾನ್ ಎತ್ತಿಳಿಸುವುದನ್ನೂ ಸೇರಿಸಿದೆ. ಕೈಕಟ್ಟಿಕೊಂಡು ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಬಾರಿ ಏಳಬಲ್ಲೆನೆಂದೂ ಎಣಿಸತೊಡಗಿದೆ. ಮೊದಲ ದಿನದ ಒಂಬತ್ತು ಮೂರು ತಿಂಗಳಿಗೆ ಹದಿನೈದಾಯಿತು.

ಯಂತ್ರವನ್ನೂ ಕುರುಡಾಗಿ ನಂಬುವಂತಿಲ್ಲ. ಅದು ದೇಹದಲ್ಲಿ ಸಣ್ಣ ವಿದ್ಯುತ್ತನ್ನು ಹರಿಸಿ, ಎದುರಾಗುವ ತಡೆಯಿಂದ ನೀರಿನ ಪ್ರಮಾಣವನ್ನೂ, ಅದರಿಂದ ಸ್ನಾಯುವನ್ನೂ ಅಂದಾಜು ಮಾಡುತ್ತದೆ. ಬೇಸಿಗೆಯಲ್ಲೊಮ್ಮೆ ನೀರು ಸರಿಯಾಗಿ ಕುಡಿಯದ ಮರುದಿನ ನಿಂತಾಗ ಸ್ನಾಯು ಎರಡು ಕೆ.ಜಿ. ಕುಸಿದಂತೆ ತೋರಿಸಿ ಎದೆ ಝಲ್ಲೆನಿಸಿತ್ತು. ಎರಡು ದಿನ ಬಿಟ್ಟು ನೋಡಿದರೆ ಅದು ಮರಳಿತ್ತು. ಅಂದಿನಿಂದ ತಿಂಗಳಿಗೊಮ್ಮೆ, ಅದೇ ಯಂತ್ರದಲ್ಲಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರ ಅಳೆಯುತ್ತೇನೆ.

ನಂತರದ ಮೂರು ತಿಂಗಳಲ್ಲಿ ತೂಕ 11 ಕೆ.ಜಿ. ಮಾತ್ರ ಇಳಿದದ್ದು ಮನೆಯವರಿಗೆ ನಿರಾಸೆ ತಂದಿತು. ಅದರಲ್ಲಿ ಕೊಬ್ಬಲ್ಲದ್ದು ಒಂದೂವರೆ ಕೆ.ಜಿ.ಯಷ್ಟೇ ಎಂಬ ಸಾಲನ್ನು ಚೀಟಿಯಲ್ಲಿ ಅವರಿಗೆ ಬೆರಳಿಟ್ಟು ತೋರಿಸಬೇಕಾಯಿತು.