ಅಲಗಿಗೆ ಹದ: ಕಣ್ಣನ್ನು ನಂಬಿ ಕೆಟ್ಟ ಮೇಲೆ ಕಲಿತದ್ದು

ರಾಜಾಜಿನಗರದ ನಮ್ಮ ಮನೆಯ ಹಿಂಬದಿಯಲ್ಲಿ, ಹಿಂದೆ ಬಟ್ಟೆ ಒಗೆಯುವ ಕಲ್ಲಿದ್ದ ಎಂಟಡಿ ಅಗಲದ ಜಾಗದಲ್ಲಿ, ನಾನು ಆರು ವರ್ಷಗಳಿಂದ ಅಡುಗೆಮನೆಯ ಚಾಕುಗಳನ್ನು ಮಾಡುತ್ತಿದ್ದೇನೆ. ಉಕ್ಕಿನ ಪಟ್ಟಿಯನ್ನು ಕತ್ತರಿಸುವುದು, ಅರ ಹಾಕಿ ಆಕಾರಕ್ಕೆ ತರುವುದು, ಮರದ ಹಿಡಿ ಕೂರಿಸುವುದು ಇವೆಲ್ಲ ತಾಳ್ಮೆ ಇದ್ದವರ ಕೈಗೆ ನಿಧಾನವಾಗಿ ಹತ್ತುವ ಕೆಲಸಗಳು. ನನ್ನನ್ನು ಎರಡು ವರ್ಷ ಸತಾಯಿಸಿದ್ದು ಹದ ಹಾಕುವ, ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಗಟ್ಟಿಮಾಡುವ ಕೆಲಸ. ಅದರಲ್ಲಿಯೂ ಸತಾಯಿಸಿದ್ದು ಒಂದೇ ಪ್ರಶ್ನೆ: ಈ ಗಳಿಗೆಯಲ್ಲಿ ಅಲಗು ನಿಜವಾಗಿ ಎಷ್ಟು ಕಾದಿದೆ?

ಮೊದಲ ಅಲಗನ್ನು ಕಲಾಸಿಪಾಳ್ಯದ ಗುಜರಿಯಲ್ಲಿ ಸಿಕ್ಕಿದ ಲಾರಿಯ ಪಟ್ಟಿ ಸ್ಪ್ರಿಂಗಿನಿಂದ ಮಾಡಿದ್ದೆ. ತಾರಸಿಯ ಮೇಲೆ ಹಳೆಯ ಬ್ರೇಕ್ ಡ್ರಮ್ಮಿನಲ್ಲಿ ಇದ್ದಿಲು ತುಂಬಿ, ಕೂದಲು ಒಣಗಿಸುವ ಯಂತ್ರವನ್ನೇ ತಿದಿಯಾಗಿ ಮಾಡಿಕೊಂಡು, ಒಂದು ಭಾನುವಾರದ ಮಧ್ಯಾಹ್ನ ಅಲಗನ್ನು ಕಾಯಿಸಿದೆ. ಆಯಸ್ಕಾಂತ ಅಂಟದಂತಾದರೆ ಉಕ್ಕು ತಕ್ಕಷ್ಟು ಕಾದಿದೆ ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದೆ. ಆಯಸ್ಕಾಂತ ಅಂಟುವುದು ನಿಂತಿತು, ಆದರೂ ಬಣ್ಣ ಮಂಕಾಗಿ ಕಾಣುತ್ತಿತ್ತು. ಇನ್ನೂ ಸ್ವಲ್ಪ ಕೆಂಪಾಗಲಿ ಎಂದು ಗಾಳಿ ಜಾಸ್ತಿ ಮಾಡಿದೆ. ಅನಂತರ ಎಣ್ಣೆಯಲ್ಲಿ ಅದ್ದಿದೆ. ಅರ ಜಾರಿತು. ಗಟ್ಟಿಯಾಯಿತೆಂದು ಹಿಗ್ಗಿ ಅಮ್ಮನ ಕೈಗೆ ಕೊಟ್ಟೆ. ಮೂರನೆಯ ದಿನ ಕೊಬ್ಬರಿ ಹೆಚ್ಚುವಾಗ ಅಂಚಿನಲ್ಲಿ ಅರ್ಧಚಂದ್ರದಂತಹ ಮೂರು ಚೂರುಗಳು ಎದ್ದುಹೋಗಿದ್ದವು.

ಆ ಅಲಗನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಮುರಿದು ನೋಡಿದೆ. ಅಂದಿನಿಂದ ಇಂದಿನವರೆಗೂ ನಾನು ಅತ್ಯಂತ ಹೆಚ್ಚು ನಂಬುವ ಪರೀಕ್ಷೆ ಇದೇ. ಸರಿಯಾಗಿ ಹದಗೊಂಡ ಉಕ್ಕು ಮುರಿದ ಕಡೆ ಬೂದಿಬಣ್ಣದ ಮಖಮಲ್ಲಿನಂತೆ ಇರಬೇಕು, ಕಣ ಕಣ್ಣಿಗೆ ಬೇರೆಬೇರೆಯಾಗಿ ಕಾಣಬಾರದು. ಹೋಲಿಕೆಗೆ ಹೇಳುವುದಾದರೆ ಚಿರೋಟಿ ರವೆಗಿಂತ ನಯವಾಗಿರಬೇಕು. ನನ್ನದು ಬನ್ಸಿ ರವೆಯಂತೆ ಮಿಣಮಿಣ ಹೊಳೆಯುತ್ತಿತ್ತು. ಶಾಖ ಮಿತಿಮೀರಿದಾಗ ಕಣಗಳು ಒಂದನ್ನೊಂದು ನುಂಗಿ ದೊಡ್ಡದಾಗುತ್ತವೆ, ಬಿರುಕು ಅವುಗಳ ಗಡಿಯುದ್ದಕ್ಕೂ ಸಲೀಸಾಗಿ ಓಡುತ್ತದೆ. ಅರ ಹಾಕಿ ನೋಡಿದರೆ ತಿಳಿಯುವುದು ಗಡಸುತನ ಮಾತ್ರ, ಈ ದೋಷವಲ್ಲ.

ಚನ್ನಪಟ್ಟಣದ ಕಡೆಯ ನಮ್ಮ ನೆಂಟರ ಊರಿನಲ್ಲಿ ಕಮ್ಮಾರರ ಕುಲುಮೆ ಯಾವಾಗಲೂ ಅರೆಗತ್ತಲಲ್ಲಿ ಇರುತ್ತಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದೆ. ತಗ್ಗಿನ ಹೆಂಚಿನ ಮಾಡು ಬಡತನದ ಗುರುತೆಂದು ಆಗ ತಿಳಿದಿದ್ದೆ. ಕಾದ ಕಬ್ಬಿಣದ ಬಣ್ಣವನ್ನು ಓದಲು ಆ ಕತ್ತಲೆಯೇ ಬೇಕೆಂಬುದು ಬೆಂಗಳೂರಿನ ತಾರಸಿಯ ಬಿಸಿಲಿನಲ್ಲಿ ಒಂದು ಅಲಗನ್ನು ಕೆಡಿಸಿಕೊಂಡ ಮೇಲೆ ಹೊಳೆಯಿತು. ನೆರಳಿನಲ್ಲಿ ಚೆರ್ರಿ ಹಣ್ಣಿನ ಕೆಂಪಾಗಿ ಕಾಣುವ ಉಕ್ಕು ಬಿಸಿಲಿನಲ್ಲಿ ಕಾಣುವುದೇ ಇಲ್ಲವೆನ್ನುವಷ್ಟು ಮಂಕು. ಕಣ್ಣಿಗೆ ಕೆಂಪು ಕಾಣಿಸುವ ಹೊತ್ತಿಗೆ ಅದು ನೂರು ಡಿಗ್ರಿ ಮುಂದೆ ಹೋಗಿರುತ್ತದೆ. ಆಯಸ್ಕಾಂತವೂ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಉಕ್ಕು ತನ್ನ ಕಾಂತಗುಣವನ್ನು ಕಳೆದುಕೊಳ್ಳುವುದು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನನಗೆ ಬೇಕಾದ ಶಾಖ ಅದಕ್ಕಿಂತ 70 ಡಿಗ್ರಿ ಮೇಲಿದೆ, ಆ 70 ಡಿಗ್ರಿಯ ಬಗ್ಗೆ ಆಯಸ್ಕಾಂತಕ್ಕೆ ಏನೂ ಗೊತ್ತಿಲ್ಲ.

ಹೀಗಾಗಿ ವಿದ್ಯುತ್ ಕುಲುಮೆಯನ್ನು ಕಟ್ಟಲು ಹೊರಟೆ. ಶಾಖ ತಡೆಯುವ ಹಗುರ ಇಟ್ಟಿಗೆಗಳಲ್ಲಿ ಕಾಲುವೆಯಂತಹ ತೋಡು ಕೊರೆದು, ಹೀಟರ್‌ಗಳಲ್ಲಿ ಬಳಸುವ 1.2 ಮಿ.ಮೀ. ದಪ್ಪದ ಕಂಥಾಲ್ ತಂತಿಯನ್ನು ಸುರುಳಿ ಸುತ್ತಿ ಕೂರಿಸಿದೆ. ಈ ತಂತಿಯ ರೋಧ ಮೀಟರಿಗೆ ಸುಮಾರು 1.28 ಓಮ್, 18 ಮೀಟರ್ ಸುತ್ತಿದರೆ 23 ಓಮ್ ಆಗುತ್ತದೆ, 230 ವೋಲ್ಟಿಗೆ 10 ಆಂಪಿಯರ್ ಎಳೆಯುತ್ತದೆ. ಅಂದರೆ ಗೀಸರ್ ಹಾಕುವ ದೊಡ್ಡ ಪ್ಲಗ್ಗೇ ಸಾಕು. ಶಾಖವನ್ನು ಹಿಡಿತದಲ್ಲಿಡುವ ಕಂಟ್ರೋಲರ್, ಅದರ ಆಜ್ಞೆಯಂತೆ ವಿದ್ಯುತ್ತು ಹರಿಸಿ ಕಡಿಯುವ ರಿಲೇ, ಎರಡು ಬೇರೆ ಲೋಹಗಳ ತಂತಿ ಬೆಸೆದು ಮಾಡಿದ, ಶಾಖ ಅಳೆಯುವ ಕೆ ಮಾದರಿಯ ಥರ್ಮೋಕಪಲ್ ಎಲ್ಲವೂ ಎಸ್.ಪಿ. ರಸ್ತೆಯಲ್ಲಿ ಒಂದು ಶನಿವಾರದ ಓಡಾಟದಲ್ಲಿ ಸಿಕ್ಕಿದವು. ಬಾಗಿಲು ತೆಗೆದ ಕೂಡಲೇ ತಂತಿಗೆ ಹೋಗುವ ವಿದ್ಯುತ್ತು ಕಡಿಯುವ ಸ್ವಿಚ್ಚನ್ನು ಹಾಕದೆ ಯಾರೂ ಇಂತಹ ಕುಲುಮೆಯನ್ನು ಬಳಸಬಾರದು. ಒಳಗೆ ಬರಿಮೈ ತಂತಿ, ಕೈಯಲ್ಲಿ ಕಬ್ಬಿಣದ ಇಕ್ಕಳ.

ಗುಜರಿ ಉಕ್ಕನ್ನೂ ಬಿಟ್ಟೆ. ಸ್ಪ್ರಿಂಗ್ ಪಟ್ಟಿ ಕೆಟ್ಟ ಉಕ್ಕೇನಲ್ಲ, ಆದರೆ ಅದು ಯಾವ ದರ್ಜೆಯದೆಂದು ಹೇಳುವವರಿಲ್ಲ, ವರ್ಷಗಟ್ಟಲೆ ಭಾರ ಹೊತ್ತ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಬಿರುಕುಗಳೂ ಇರಬಹುದು. ಈಗ ಬಳಸುವುದು ಬೇರಿಂಗ್ ಉಕ್ಕೆಂದು ಕರೆಯುವ ಇ.ಎನ್. 31. ಅದರಲ್ಲಿ ಶೇಕಡಾ ಒಂದರಷ್ಟು ಇಂಗಾಲ ಮತ್ತು ಒಂದರಿಂದ ಒಂದೂವರೆಯಷ್ಟು ಕ್ರೋಮಿಯಂ ಇರುತ್ತವೆ. ಸಾದಾ ಇಂಗಾಲದ ಉಕ್ಕುಗಳನ್ನು ಒಂದು ಸೆಕೆಂಡಿನೊಳಗೆ ತಣಿಸಬೇಕಾದರೆ, ಇದು ಇನ್ನೂ ಒಂದೆರಡು ಸೆಕೆಂಡುಗಳ ರಿಯಾಯಿತಿ ಕೊಡುತ್ತದೆ. ಮನೆಯಲ್ಲಿ ಮಾಡುವವರಿಗೆ ಅದು ಸಣ್ಣ ರಿಯಾಯಿತಿಯಲ್ಲ.

ಕುಲುಮೆ ಬಂತು, ಪರದೆಯ ಮೇಲೆ ಕೆಂಪು ಅಂಕಿಗಳಲ್ಲಿ 840 ಎಂದು ಮೂಡಿತು, ಅಲಗುಗಳು ಮತ್ತೆ ಚೂರೆದ್ದವು. ಮುರಿದು ನೋಡಿದರೆ ಈ ಬಾರಿ ಬನ್ಸಿ ರವೆಯಲ್ಲ, ಆದರೆ ಮಖಮಲ್ಲೂ ಅಲ್ಲ. ಉಕ್ಕನ್ನು ಬೈದೆ, ಎಣ್ಣೆಯನ್ನು ಬೈದೆ, ಎಣ್ಣೆಯನ್ನು ಎರಡು ಸಲ ಬದಲಾಯಿಸಿಯೂ ಆಯಿತು. ಅಂಕಿಯನ್ನು ಮಾತ್ರ ಅನುಮಾನಿಸಲಿಲ್ಲ. ಕಣ್ಣನ್ನು ನಂಬಿ ಒಮ್ಮೆ ಕೆಟ್ಟವನು ಅಂಕಿಯನ್ನು ಅಷ್ಟೇ ಕುರುಡಾಗಿ ನಂಬಿದ್ದೆ.

ದೋಷವನ್ನು ಹಿಡಿದುಕೊಟ್ಟಿದ್ದು ಒಂದು ಚಿಟಿಕೆ ಉಪ್ಪು. ಅಡುಗೆಯ ಉಪ್ಪು ಕರಗುವುದು 801 ಡಿಗ್ರಿಯಲ್ಲಿ. ಪುಡಿ ಉಪ್ಪನ್ನು ಸ್ಟೀಲ್ ತಗಡಿನ ಸಣ್ಣ ಬಟ್ಟಲಿನಲ್ಲಿಟ್ಟು, ಥರ್ಮೋಕಪಲ್ಲಿನ ತುದಿಯ ಪಕ್ಕಕ್ಕೇ ಸರಿಸಿ, ಬಾಗಿಲಿನ ಇಟ್ಟಿಗೆಯಲ್ಲಿ ಕೊರೆದ ತೂತಿನಿಂದ ನೋಡುತ್ತಾ ಕೂತೆ. ಶಾಖವನ್ನು ನಿಮಿಷಕ್ಕೆ ಎರಡೇ ಡಿಗ್ರಿಯಂತೆ ಏರಿಸುತ್ತಿದ್ದೆ. ಪರದೆಯಲ್ಲಿ 757 ಬಂದಾಗ ಉಪ್ಪಿನ ರಾಶಿಯ ಅಂಚು ಒದ್ದೆಯಾದಂತೆ ಕಂಡಿತು, ನೋಡನೋಡುತ್ತಲೇ ಕುಸಿದು ಗಾಜಿನಂತೆ ಬಟ್ಟಲಿನ ತಳಕ್ಕೆ ಹರಡಿಕೊಂಡಿತು. ಅಂದರೆ ಪರದೆ 44 ಡಿಗ್ರಿ ಕಡಿಮೆ ತೋರಿಸುತ್ತಿತ್ತು. ನಾನು 840 ಎಂದು ತಿಳಿದಿದ್ದು 885ರ ಹತ್ತಿರವಿತ್ತು.

ಕಾರಣ ಒಂದು ಗಜ ತಾಮ್ರದ ತಂತಿ. ಥರ್ಮೋಕಪಲ್ ತನ್ನ ಬಿಸಿ ತುದಿಗೂ ತನ್ನ ಲೋಹಗಳು ಮುಗಿಯುವ ಜಾಗಕ್ಕೂ ಇರುವ ಶಾಖದ ವ್ಯತ್ಯಾಸವನ್ನು ಮಾತ್ರ ಅಳೆಯುತ್ತದೆ. ಆ ಲೋಹಗಳು ತನ್ನ ಬಳಿಯೇ ಮುಗಿಯುತ್ತವೆ ಎಂದು ನಂಬಿ ಕಂಟ್ರೋಲರ್ ತನ್ನ ಸುತ್ತಲಿನ ಶಾಖವನ್ನು ಅದಕ್ಕೆ ಸೇರಿಸಿ ತೋರಿಸುತ್ತದೆ. ನಾನು ಕುಲುಮೆಯ ಪಕ್ಕದಲ್ಲಿದ್ದ ಥರ್ಮೋಕಪಲ್ಲಿನ ತಲೆಯಿಂದ ಕಂಟ್ರೋಲರಿನವರೆಗೆ ಮನೆಯಲ್ಲಿದ್ದ ಸಾದಾ ವೈರನ್ನು ಎಳೆದಿದ್ದೆ. ತಲೆಯ ಭಾಗ ಕೈ ಇಡಲಾಗದಷ್ಟು ಕಾದಿರುತ್ತಿತ್ತು, ಕಂಟ್ರೋಲರ್ ತಣ್ಣಗಿರುತ್ತಿತ್ತು, ನಡುವಿನ ನಲವತ್ತು ಚಿಲ್ಲರೆ ಡಿಗ್ರಿಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ. ಕೆ ಮಾದರಿಗೆಂದೇ ಸಿಗುವ ವೈರನ್ನು ತಂದು, ಧನ ಋಣ ತಪ್ಪದಂತೆ ಜೋಡಿಸಿದ ಮೇಲೆ ಉಪ್ಪು 803ರಲ್ಲಿ ಕರಗಿತು. ಇಂದಿಗೂ ವರ್ಷಕ್ಕೆರಡು ಸಲ ಉಪ್ಪನ್ನು ಇಟ್ಟು ನೋಡುತ್ತೇನೆ. ಮನೆಯವರು ಇದನ್ನು ಕುಲುಮೆಗೆ ದೃಷ್ಟಿ ತೆಗೆಯುವುದು ಎನ್ನುತ್ತಾರೆ.

ಆ 45 ಡಿಗ್ರಿಯಿಂದ ಅಷ್ಟೊಂದು ಕೆಡುವುದೇಕೆ ಎಂದು ಕೇಳುವವರಿದ್ದಾರೆ. ಕಾರ್ಖಾನೆಯಿಂದ ಬರುವ ಇ.ಎನ್. 31 ಪಟ್ಟಿಯಲ್ಲಿ ಇಂಗಾಲವು ಲೋಹದೊಡನೆ ಕೂಡಿ ಸಣ್ಣ ಸಣ್ಣ ಕಾರ್ಬೈಡ್ ಗುಂಡುಗಳಾಗಿ ಕೂತಿರುತ್ತದೆ. 840ರಲ್ಲಿ ಹತ್ತು ನಿಮಿಷ ಇಟ್ಟರೆ ಅವುಗಳಲ್ಲಿ ಒಂದು ಭಾಗ ಕರಗಿ ಉಕ್ಕನ್ನು ಗಟ್ಟಿಮಾಡುತ್ತದೆ, ಉಳಿದ ಗುಂಡುಗಳು ಕಣಗಳು ಬೆಳೆಯದಂತೆ ತಡೆದು ನಿಲ್ಲುತ್ತವೆ. ಶಾಖ ಏರಿದಂತೆ ಆ ಕಾವಲು ಗುಂಡುಗಳೂ ಕರಗುತ್ತವೆ. ಆಗ ತಣಿಸಿದರೆ ಸಿಗುವ ಮಾರ್ಟೆನ್ಸೈಟ್, ಅಂದರೆ ಉಕ್ಕಿನ ಗಟ್ಟಿ ರೂಪ, ಪೆಡಸಾಗಿರುತ್ತದೆ, ಜೊತೆಗೆ ಕಾದಾಗಿನ ರೂಪದಲ್ಲೇ ಗಟ್ಟಿಯಾಗದೆ ಉಳಿಯುವ ಆಸ್ಟೆನೈಟ್ ಹೆಚ್ಚಾಗಿ ಗಡಸುತನವೂ ಇಳಿಯತೊಡಗುತ್ತದೆ. ಜಾಸ್ತಿ ಕಾಯಿಸಿದರೆ ಜಾಸ್ತಿ ಗಟ್ಟಿ ಎಂಬ ನಂಬಿಕೆ ಎರಡೂ ಕಡೆಯಿಂದ ಸುಳ್ಳಾಗುತ್ತದೆ.

ಎಣ್ಣೆಯ ವಿಷಯದಲ್ಲಿ ನನಗೆ ದೊಡ್ಡ ಗುಟ್ಟುಗಳಿಲ್ಲ. ನಿಂತ ಕೊಳವೆಯಾಕಾರದ, ಮುಚ್ಚಳವಿರುವ ಉಕ್ಕಿನ ಪಾತ್ರೆಯಲ್ಲಿ ಹತ್ತು ಲೀಟರ್ ಸೂರ್ಯಕಾಂತಿ ಎಣ್ಣೆ, ಅಷ್ಟೇ. ಬಳಸಿದ ಇಂಜಿನ್ ಆಯಿಲ್ ಬೇಡ. ಅದರ ಹೊಗೆ ಕೆಟ್ಟದ್ದು, ತಣಿಸುವ ವೇಗ ಏನೆಂದು ಯಾರಿಗೂ ತಿಳಿಯದು. ಎಣ್ಣೆಯನ್ನು 50ರಿಂದ 55 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳುತ್ತೇನೆ, ಏಕೆಂದರೆ ತೆಳ್ಳಗಾದ ಎಣ್ಣೆ ಅಲಗಿನ ಸುತ್ತ ಏಳುವ ಆವಿಯ ಪೊರೆಯನ್ನು ಬೇಗ ಒಡೆದು ಬೇಗ ತಣಿಸುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಎಣ್ಣೆ ಮಂದವಾಗಿರುತ್ತದೆ, ಆಗ ಇದನ್ನು ಮರೆಯುವಂತಿಲ್ಲ. ಅಲಗನ್ನು ತುದಿ ಕೆಳಗಾಗಿ ನೇರವಾಗಿ, ಪೂರ್ತಿ ಮುಳುಗುವಂತೆ ಒಂದೇ ಸಲಕ್ಕೆ ಇಳಿಸಬೇಕು. ಅರ್ಧ ಹೊರಗುಳಿದರೆ ಎಣ್ಣೆಯ ಮೇಲ್ಮೈ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ಮುಚ್ಚಳ ಹಾಕಬೇಕು, ಮರಳು ಪಕ್ಕದಲ್ಲಿರಬೇಕು, ನೀರು ಹತ್ತಿರವೂ ಸುಳಿಯಬಾರದು. ಮುಳುಗಿದ ಅಲಗನ್ನು ಅಂಚು ಬೆನ್ನುಗಳ ದಿಕ್ಕಿನಲ್ಲಿ ಮಾತ್ರ ಆಡಿಸಬೇಕು, ಪಕ್ಕಕ್ಕೆ ಬೀಸಿದರೆ ಬಾಗುತ್ತದೆ. ಹತ್ತು ಎಣಿಸುವ ಹೊತ್ತಿಗೆ ಹೊರತೆಗೆದು ಎರಡು ದಪ್ಪ ಅಲ್ಯುಮಿನಿಯಂ ತಗಡುಗಳ ನಡುವೆ ಒತ್ತಿ ಹಿಡಿಯುತ್ತೇನೆ. ಮಾರ್ಟೆನ್ಸೈಟ್ ಆಗತೊಡಗುವುದು 200ಕ್ಕಿಂತ ಸ್ವಲ್ಪ ಮೇಲೆ; ಅಲ್ಲಿಯವರೆಗೆ ಅಲಗು ಹೇಳಿದ ಮಾತು ಕೇಳುತ್ತದೆ, ತಣ್ಣಗಾದ ಮೇಲೆ ಬಗ್ಗಿಸಹೋದರೆ ಗಾಜಿನಂತೆ ಮುರಿಯುತ್ತದೆ.

ಆಮೇಲೆ ಅರದ ಪರೀಕ್ಷೆ. ಇಲ್ಲಿಯೂ ಒಂದು ಮೋಸವಿದೆ. ಕುಲುಮೆಯ ಗಾಳಿಗೆ ಮೇಲ್ಪದರದ ಇಂಗಾಲ ಸುಟ್ಟುಹೋಗಿರುವುದರಿಂದ ಅರ ಮೊದಲು ಕಚ್ಚಿದಂತೆ ಭಾಸವಾಗಿ ಎದೆ ಧಸಕ್ಕೆನ್ನುತ್ತದೆ. ನಾಲ್ಕು ಸಲ ಎಳೆದ ಮೇಲೆ ಕೆಳಗಿನ ಗಟ್ಟಿ ಪದರ ಸಿಕ್ಕಿ ಅರ ಜಾರತೊಡಗುತ್ತದೆ. ಈ ಮೆತ್ತನೆಯ ಪದರವನ್ನು ಆಮೇಲೆ ಸಾಣೆಯಲ್ಲಿ ತೆಗೆಯಲೆಂದೇ ಅಂಚನ್ನು ಮೊದಲೇ ತೆಳ್ಳಗೆ ಮಾಡದೆ 0.8 ಮಿ.ಮೀ. ಉಳಿಸಿಕೊಂಡಿರುತ್ತೇನೆ.

ಟೆಂಪರಿಂಗನ್ನು, ಅಂದರೆ ಪೆಡಸು ಇಳಿಸಲು ಅಲಗನ್ನು ಮತ್ತೆ ಹಗುರವಾಗಿ ಕಾಯಿಸುವುದನ್ನು, ಅದೇ ಗಂಟೆಯೊಳಗೆ ಶುರುಮಾಡಬೇಕು. ನಾನು ಬಳಸುವುದು ಕೇಕ್ ಮಾಡುವ ಸಣ್ಣ ಓವನ್ನನ್ನು. ಅದರ ಗುಂಡಿ 200 ಎಂದಾಗ ಒಳಗೆ 180ರಿಂದ 225ರವರೆಗೆ ಓಲಾಡುತ್ತಿರುತ್ತದೆ. ಅಲಗನ್ನು ಒಣ ಮರಳಿನ ತಟ್ಟೆಯಲ್ಲಿ ಹೂತು, ಇನ್ನೊಂದು ಥರ್ಮೋಕಪಲ್ಲನ್ನು ಅದೇ ಮರಳಿನಲ್ಲಿ ಚುಚ್ಚಿದ ಮೇಲೆ ಓಲಾಟ ನಿಂತಿತು. ಈ ಥರ್ಮೋಕಪಲ್ಲನ್ನು ಕುದಿಯುವ ನೀರಿನಲ್ಲಿಟ್ಟಾಗ 97 ತೋರಿಸಿತು, ಇದೂ ಸುಳ್ಳು ಹೇಳುತ್ತಿದೆಯೆಂದು ಎತ್ತಿಡಲು ಹೋಗಿದ್ದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರು, ಇಲ್ಲಿ ನೀರು ಕುದಿಯುವುದೇ 97ರಲ್ಲಿ ಎಂದು ಆಮೇಲೆ ನೆನಪಾಯಿತು. 195 ಡಿಗ್ರಿಯಲ್ಲಿ ಎರಡು ಗಂಟೆ, ತಣಿಸಿ ಮತ್ತೆ ಎರಡು ಗಂಟೆ. ಉಜ್ಜಿ ಬೆಳಗಿದ ಜಾಗದಲ್ಲಿ ತಿಳಿ ಹುಲ್ಲಿನ ಬಣ್ಣ ಬರುತ್ತದೆ. ಪೀಣ್ಯದಲ್ಲಿ ಪರಿಚಯದವರ ಯಂತ್ರದಲ್ಲಿ ಮೂರು ಅಲಗುಗಳನ್ನು ಅಳೆಸಿದಾಗ ಗಡಸುತನದ ರಾಕ್‌ವೆಲ್ ಸಿ ಮಾಪಕದಲ್ಲಿ 60, 61, 60 ಬಂದವು. ಆ ಮೂರರಲ್ಲಿ ಒಂದನ್ನು ಮನೆಗೆ ತಂದು ಮುರಿದೆ, ಒಳಗೆ ಮಖಮಲ್ಲು.

ಇನ್ನು ಉಳಿಯುವುದು ಸಾಣೆ. ಪಟ್ಟಿ ಸಾಣೆಯ ಮೇಲೆ ಬರಿಗೈಯಲ್ಲಿ ಹಿಡಿದು, ಪ್ರತಿ ಎಳೆತಕ್ಕೂ ನೀರಿನಲ್ಲಿ ಅದ್ದಿ ಉಜ್ಜುತ್ತೇನೆ. ಬೆರಳಿಗೆ ಸುಡುವ ಮುಂಚೆ ನಿಲ್ಲಿಸಿದರೆ ಹದ ಹಾಳಾಗದು. ತುದಿ ಮಾತ್ರ ತೆಳ್ಳಗಿರುವುದರಿಂದ ಬೆರಳಿಗೆ ತಿಳಿಯುವ ಮೊದಲೇ ಕಾಯುತ್ತದೆ. ಹೋದ ತಿಂಗಳು ತಂಗಿಗೆಂದು ಮಾಡಿದ ಚಾಕುವಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ನೀಲಿ ಮೂಡಿತು. ನೀಲಿ ಎಂದರೆ 300 ಡಿಗ್ರಿ ಮುಟ್ಟಿದೆ ಎಂದರ್ಥ. ನಾಲ್ಕು ಮಿ.ಮೀ. ತುದಿಯನ್ನು ಸವೆಸಿ ತೆಗೆದೆ, ಚಾಕು ಅಷ್ಟು ಗಿಡ್ಡವಾಗಿ ಹೋಯಿತು.