‘ಬೈಟ್ ಆಫ್ ಮೋರ್ ದ್ಯಾನ್ ಯೂ ಕ್ಯಾನ್ ಚೂ’: ಬಳಸುವ ಕ್ರಮ, ಉಚ್ಚರಿಸುವ ಕ್ರಮ

ಮಾಡಿ ಮುಗಿಸಲಾಗದಷ್ಟು ಕೆಲಸವನ್ನು ತಾನಾಗಿಯೇ ಒಪ್ಪಿಕೊಂಡು ಪೇಚಿಗೆ ಸಿಲುಕಿದವರ ಬಗ್ಗೆ ಇಂಗ್ಲಿಷಿನಲ್ಲಿ ‘ಬೈಟ್ ಆಫ್ ಮೋರ್ ದ್ಯಾನ್ ಯೂ ಕ್ಯಾನ್ ಚೂ’ ಎಂಬ ನುಡಿಗಟ್ಟಿದೆ. ಅಗಿಯಲಾಗದಷ್ಟು ದೊಡ್ಡ ತುಂಡನ್ನು ಕಚ್ಚಿಕೊಳ್ಳುವುದು ಎಂಬುದು ಇದರ ಪದಶಃ ಅರ್ಥ. ಇದು 19ನೆಯ ಶತಮಾನದ ಅಮೆರಿಕದಲ್ಲಿ ಬಳಕೆಗೆ ಬಂದ ಮಾತು. ಜಗಿಯುವ ತಂಬಾಕಿನ ಗಟ್ಟಿಯನ್ನು ಹಲ್ಲಿನಿಂದ ಕಚ್ಚಿ ತೆಗೆಯುವ ಅಲ್ಲಿನ ರೂಢಿಯಿಂದ ಹುಟ್ಟಿತೆಂದು ಸಾಮಾನ್ಯವಾಗಿ ವಿವರಿಸುತ್ತಾರೆ.

‘ತಾನಾಗಿಯೇ’ ಎಂಬುದನ್ನು ಮರೆತರೆ ಬಳಕೆ ತಪ್ಪುತ್ತದೆ. ಉಡುಪಿಯ ಅಡುಗೆಯವರೊಬ್ಬರು ಒಂದೇ ಮುಹೂರ್ತಕ್ಕೆ ಉಡುಪಿಯಲ್ಲೊಂದು, ಕಾರ್ಕಳದಲ್ಲೊಂದು ಮದುವೆಯ ಊಟ ಒಪ್ಪಿಕೊಂಡು, ಎರಡು ಕಡೆಗೂ ಬಡಿಸುವವರು ಸಾಲದೆ ಪರದಾಡಿದರೆಂದು ಇಟ್ಟುಕೊಳ್ಳೋಣ. ಅವರ ಬಗ್ಗೆ ‘ಹಿ ಬಿಟ್ ಆಫ್ ಮೋರ್ ದ್ಯಾನ್ ಹಿ ಕುಡ್ ಚೂ’ ಎನ್ನಬಹುದು. ಆದರೆ ಮಂಗಳೂರಿನ ಕಚೇರಿಯೊಂದರಲ್ಲಿ ರಜೆಯಲ್ಲಿರುವ ಇಬ್ಬರ ಕೆಲಸವನ್ನು ಮೇಲಧಿಕಾರಿ ಮೂರನೆಯವರ ತಲೆಗೆ ಕಟ್ಟಿದರೆ ಈ ಮಾತು ಸಲ್ಲದು, ಏಕೆಂದರೆ ಅಲ್ಲಿ ಆ ನೌಕರರ ಲೆಕ್ಕಾಚಾರ ತಪ್ಪಿಲ್ಲ. ಅವರು ‘ಐ ಹ್ಯಾವ್ ಟೂ ಮಚ್ ಆನ್ ಮೈ ಪ್ಲೇಟ್’ ಎಂದರೆ ಸರಿಯಾಗುತ್ತದೆ. ಅದರಲ್ಲಿ ಕೆಲಸದ ಹೊರೆ ಮಾತ್ರ ಇದೆ, ಯಾರ ತಪ್ಪೆಂಬ ಸೂಚನೆಯಿಲ್ಲ.

ವಾಕ್ಯದಲ್ಲಿ ಕೂರಿಸುವಾಗ ಕರ್ತೃ ಬದಲಾದಂತೆ ನಡುವಿನ ‘ಯೂ’ ಕೂಡ ‘ಐ’, ‘ಹಿ’, ‘ಶಿ’, ‘ದೇ’ ಎಂದು ಬದಲಾಗಬೇಕು. ಭೂತಕಾಲದಲ್ಲಿ ‘ಬೈಟ್’ ಹೋಗಿ ‘ಬಿಟ್’ ಬರುತ್ತದೆ, ‘ಕ್ಯಾನ್’ ಹೋಗಿ ‘ಕುಡ್’ ಬರುತ್ತದೆ. ‘ಹ್ಯಾವ್’ ಜೊತೆಗಾದರೆ ‘ಬಿಟನ್’. ‘ಬೈಟೆಡ್’ ಎಂಬ ರೂಪ ಈ ಕ್ರಿಯಾಪದಕ್ಕೆ ಇಲ್ಲವೇ ಇಲ್ಲ.

ಹೆಚ್ಚು ಅಭ್ಯಾಸ ಬೇಕಾದದ್ದು ಉಚ್ಚಾರಣೆಗೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ ಮನೆಮಾತಾಗಿರುವ ಕರಾವಳಿಯವರಿಗೆ ಪ್ರತಿಯೊಂದು ಪದವನ್ನೂ ಬಿಡಿಸಿ, ಸಮನಾದ ಒತ್ತು ಕೊಟ್ಟು ಹೇಳುವುದು ರೂಢಿ; ಇಂಗ್ಲಿಷಿನಲ್ಲಿ ಹಾಗೆ ಹೇಳಿದರೆ ಪಾಠ ಒಪ್ಪಿಸಿದಂತೆ ಕೇಳಿಸುತ್ತದೆ. ‘ಬೈಟ್’ನ ಕೊನೆಯ ಟಕಾರವನ್ನು ಮುಂದಿನ ಸ್ವರಕ್ಕೆ ಸೇರಿಸಿ ‘ಬೈಟಾಫ್’ ಎಂದು ಒಂದೇ ಉಸಿರಿನಲ್ಲಿ ಹೇಳಬೇಕು. ಆ ಟಕಾರಕ್ಕೆ ನಾಲಗೆಯನ್ನು ನಮ್ಮ ‘ಟ’ದಂತೆ ಹಿಂದಕ್ಕೆ ಮಡಚದೆ, ಮೇಲಿನ ಹಲ್ಲುಗಳ ಹಿಂದಿರುವ ಉಬ್ಬಿಗೆ ತಾಗಿಸಬೇಕು. ‘ಆಫ್’ನ ಕೊನೆಯಲ್ಲಿ ಎರಡು ತುಟಿಗಳೂ ಮುಚ್ಚಬಾರದು; ಮೇಲಿನ ಹಲ್ಲು ಕೆಳತುಟಿಗೆ ಮೆಲ್ಲನೆ ತಾಗಿ ಉಸಿರು ಹೊರಹೋಗಬೇಕು. ‘ದ್ಯಾನ್’, ‘ಕ್ಯಾನ್’ ಎರಡೂ ಇಲ್ಲಿ ಕುಗ್ಗಿ ‘ದನ್’, ‘ಕನ್’ ಎಂಬಷ್ಟು ಚಿಕ್ಕದಾಗುತ್ತವೆ. ‘ದನ್’ ಎನ್ನುವಾಗ ನಾಲಗೆಯ ತುದಿ ಹಲ್ಲುಗಳ ನಡುವೆ ಇರಬೇಕು. ‘ಕನ್’ ಮೇಲೆ ಒತ್ತು ಬಿದ್ದರೆ ಕೇಳುವವರಿಗೆ ‘ಕಾಂಟ್’ ಎಂದು ಭಾಸವಾಗುವ ಅಪಾಯವೂ ಇದೆ, ವಿಶೇಷವಾಗಿ ಅಮೆರಿಕದವರೊಡನೆ ಫೋನಿನಲ್ಲಿ ಮಾತನಾಡುವಾಗ. ಕೊನೆಯ ಪದ ‘ಚೂರಿ’ಯಲ್ಲಿರುವ ದೀರ್ಘ ‘ಚೂ’. ಅಕ್ಷರಗಳನ್ನು ನೋಡಿ ‘ಚೀವ್’ ಎಂದು ಓದಬಾರದು. ‘ಬೈಟ್’, ‘ಆಫ್’, ‘ಮೋರ್’ಗಳಿಗೆ ಒತ್ತು ಕೊಟ್ಟು, ನಡುವಿನ ‘ದನ್ ಯು ಕನ್’ ಅನ್ನು ಬೇಗನೆ ದಾಟಿಸಿ, ಎಲ್ಲಕ್ಕಿಂತ ಹೆಚ್ಚಿನ ಒತ್ತನ್ನು ‘ಚೂ’ ಮೇಲೆ ನಿಲ್ಲಿಸಿದರೆ ಮಾತಿಗೆ ಸಹಜ ಲಯ ಬರುತ್ತದೆ. ಮೊದಲು ಒತ್ತಿನ ನಾಲ್ಕು ಪದಗಳನ್ನಷ್ಟೇ ಮೇಜಿನ ಮೇಲೆ ಬೆರಳು ತಟ್ಟುತ್ತಾ ಹೇಳಿ, ತಾಳ ಕೆಡದಂತೆ ಉಳಿದವನ್ನು ತುಂಬುವುದು ಒಳ್ಳೆಯ ಅಭ್ಯಾಸ.

ಯಾರಿಗೆ ಹೇಳುತ್ತೇವೆ ಎಂಬುದರ ಬಗ್ಗೆಯೂ ಎಚ್ಚರ ಬೇಕು. ಹಿರಿಯರಿಗೋ ಮೇಲಧಿಕಾರಿಗೋ ‘ಯೂ ಹ್ಯಾವ್ ಬಿಟನ್ ಆಫ್ ಮೋರ್ ದ್ಯಾನ್ ಯೂ ಕ್ಯಾನ್ ಚೂ’ ಎಂದರೆ ‘ನಿಮ್ಮ ಅಳವು ನಿಮಗೆ ತಿಳಿಯಲಿಲ್ಲ’ ಎಂದು ಮುಖಕ್ಕೆ ಹೇಳಿದಂತಾಗುತ್ತದೆ. ತನ್ನ ಬಗ್ಗೆಯೇ ಹೇಳಿಕೊಳ್ಳುವಾಗ ಇದು ಸೊಗಸಾದ, ಪ್ರಾಮಾಣಿಕ ಮಾತು. ಪದವಿಯ ಜೊತೆಗೇ ಸಿಎ ತರಬೇತಿಗೂ ಸೇರಿ ಎರಡನ್ನೂ ನಿಭಾಯಿಸಲಾಗದ ವಿದ್ಯಾರ್ಥಿನಿ, ಸಂದರ್ಶನದಲ್ಲಿ ‘ಐ ಥಿಂಕ್ ಐ ಬಿಟ್ ಆಫ್ ಮೋರ್ ದ್ಯಾನ್ ಐ ಕುಡ್ ಚೂ ದ್ಯಾಟ್ ಇಯರ್’ ಎಂದು ಹೇಳಿ, ಮುಂದೆ ಏನು ಬದಲಾಯಿಸಿಕೊಂಡೆನೆಂದು ವಿವರಿಸಬಹುದು. ಬ್ಯಾಂಕಿಗೋ ವಿಶ್ವವಿದ್ಯಾಲಯಕ್ಕೋ ಬರೆಯುವ ಪತ್ರದಲ್ಲಿ ಮಾತ್ರ ಇದನ್ನು ಬಿಟ್ಟು, ‘ಐ ಹ್ಯಾವ್ ಟೇಕನ್ ಆನ್ ಟೂ ಮಚ್’ ಎಂದು ನೇರವಾಗಿ ಬರೆಯುವುದು ಉಚಿತ.