ಮುಧೋಳ ನಾಯಿಗೆ ಎರಡು ಪದರದ ಚರ್ಮದ ಬೆಲ್ಟ್

ಮುಧೋಳ ನಾಯಿಯ ತಲೆ ಕುತ್ತಿಗೆಯಷ್ಟೇ ಸಪೂರ. ಸಾಮಾನ್ಯ ಬೆಲ್ಟ್ ಹಾಕಿದರೆ ಹಿಂದಕ್ಕೆ ಜಗ್ಗಿ ನುಣುಚಿಕೊಳ್ಳುತ್ತದೆ. ಹಾಗಂತ ಬಿಗಿದರೆ ಕುತ್ತಿಗೆ ತರಚುತ್ತದೆ. ಅದಕ್ಕೇ ಒಳಗೆ 45 ಮಿ.ಮೀ. ಅಗಲದ ಮೆತ್ತನೆ ಪದರ, ಮೇಲೆ ಎಳೆತ ತಡೆಯಲು 25 ಮಿ.ಮೀ. ಅಗಲದ ಗಟ್ಟಿ ಪಟ್ಟಿ ಇರಲಿ.

ಮೇಲಿನದಕ್ಕೆ ತೊಗಟೆಯಲ್ಲಿ ಹದ ಮಾಡಿದ 3 ಮಿ.ಮೀ. ದಪ್ಪದ ಚರ್ಮವೇ ಬೇಕು. ಅಥಣಿ ಕಡೆ ಕೊಲ್ಹಾಪುರಿ ಚಪ್ಪಲಿಗೆ ಹಾಕುವಂಥದ್ದು ಸಿಕ್ಕರೆ ಬಿಡಬೇಡಿ. ಬೆನ್ನಿನ ಭಾಗವನ್ನೇ ಕೇಳಿ, ಉದ್ದಕ್ಕೆ ಕತ್ತರಿಸಿ. ಹೊಟ್ಟೆಯ ಚರ್ಮ ಜೋಲುತ್ತದೆ, ಅಗ್ಗಕ್ಕೆ ಕೊಟ್ಟರೂ ಬೇಡ. ಒಳಪದರಕ್ಕೆ 1.5 ಮಿ.ಮೀ. ಸಾಕು.

ಕಿವಿಯ ಹಿಂದೆಯೇ, ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು ಅಳೆಯಿರಿ. ಚರ್ಮದ ದಪ್ಪವೇ ಅಳತೆ ತಿನ್ನುವುದರಿಂದ ಅದಕ್ಕೆ 2 ಸೆಂ.ಮೀ. ಸೇರಿಸಿ, ಬಕಲ್‌ನಿಂದ ನಡುವಿನ ತೂತಿಗೆ ಅಷ್ಟಿರಬೇಕು. ಕುತ್ತಿಗೆ 36 ಬಂದರೆ 38 ಆಯಿತು. ಆಚೆಗಿನ ಎರಡು ತೂತಿಗೆ 5, ತುದಿಗೆ 6, ಬಕಲ್ ಬಳಿಯ ಮಡಿಕೆಗೆ 7 ಸೇರಿ ಪಟ್ಟಿ ಒಟ್ಟು 56 ಸೆಂ.ಮೀ. ಮಡಿಕೆಯನ್ನು ಒಳಗಡೆಯಿಂದ ಅರ್ಧ ದಪ್ಪಕ್ಕೆ ಹೆರೆಯಿರಿ, ಇಲ್ಲದಿದ್ದರೆ ಅಲ್ಲೇ ಬಿರಿಯುತ್ತದೆ. ಸರಪಳಿ ಸಿಕ್ಕಿಸುವ ಡಿ ರಿಂಗ್ ಕೂಡ ಅದೇ ಮಡಿಕೆಯೊಳಗೆ ಕೂರಬೇಕು. ವೆಲ್ಡ್ ಆಗಿರುವುದನ್ನೇ ಕೊಳ್ಳಿ; ಬರೀ ಬಗ್ಗಿಸಿದ ರಿಂಗು ಒಂದೇ ಜಗ್ಗಿಗೆ ಬಾಯಿ ಬಿಡುತ್ತದೆ.

ಬಹಳ ಜನ ಕೆಡಿಸುವುದು ಅಂಟಿಸುವಾಗ. ಪದರಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಅಂಟಿಸಿದರೆ, ಕುತ್ತಿಗೆಗೆ ಸುತ್ತಿದಾಗ ಒಳಪದರ ಸುಕ್ಕುಗಟ್ಟಿ ಕೂದಲು ಉಜ್ಜುತ್ತದೆ. ಒಂದು ಪೂರ್ತಿ ಸುತ್ತಿಗೆ ಹೊರಪದರ ಸುಮಾರು 14 ಮಿ.ಮೀ. ಹೆಚ್ಚು ಉದ್ದ ಬೇಕಾಗುತ್ತದೆ. ಆದ್ದರಿಂದ ನುಣುಪು ಇರುವ ಕಡೆ ಮರಳು ಕಾಗದ ಉಜ್ಜಿ, ಎರಡೂ ಮೈಗೆ ಚಪ್ಪಲಿ ಅಂಟಿಸುವ ಸೊಲ್ಯೂಷನ್ ತೆಳ್ಳಗೆ ಸವರಿ, ಬೆರಳಿಗೆ ಹತ್ತದಷ್ಟು ಆರುವವರೆಗೆ ಬಿಡಿ. ಹಸಿಯಿದ್ದಾಗಲೇ ಒತ್ತಿದರೆ ವಾರದಲ್ಲಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಕುತ್ತಿಗೆ ದಪ್ಪದ ಡಬ್ಬಿಗೆ ಸುತ್ತುತ್ತಾ, ಬಕಲ್ ಕಡೆಯಿಂದ ಅಂಟಿಸಿಕೊಂಡು ಹೋಗಿ. ಹೊರಚಾಚಿದ ಒಳಪದರವನ್ನು ಕೊನೆಗೆ ಕತ್ತರಿಸಿ. ತೂತುಗಳಿರುವ ತುದಿಗೆ ಒಳಪದರ ಬೇಡ.

ಹೊಲಿಗೆ ಮೇಲಿನ ಪಟ್ಟಿಯ ಅಂಚಿನಿಂದ 3 ಮಿ.ಮೀ. ಒಳಗೆ, 4 ಮಿ.ಮೀ.ಗೊಂದು ತೂತು. ಮೇಣ ಹಚ್ಚಿದ ಪಾಲಿಯೆಸ್ಟರ್ ದಾರ ಹೊಲಿಗೆಯ ಉದ್ದದ ನಾಲ್ಕು ಪಟ್ಟು ಬೇಕು. ಹತ್ತಿ ದಾರ ಒದ್ದೆಯಾಗಿ ಕೊಳೆಯುತ್ತದೆ. ಎರಡು ತುದಿಗೂ ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎರಡನ್ನೂ ಎದುರುಬದುರು ದಾಟಿಸಿ. ಒಂದು ಎಳೆ ಸವೆದು ಹರಿದರೂ ಇನ್ನೊಂದು ಹಿಡಿದಿರುತ್ತದೆ. ಮಷೀನ್ ಹೊಲಿಗೆಗೆ ಈ ಬಲವಿಲ್ಲ. ಮುಗಿದಲ್ಲಿ ಮೂರು ಹೊಲಿಗೆ ಹಿಂದಕ್ಕೆ ಹಾಕಿ, ದಾರದ ತುದಿ ಕಡ್ಡಿ ಗೀರಿ ಕರಗಿಸಿ.

ಅಂಚನ್ನು ನೀರು ಸವರಿ ದಪ್ಪ ಬಟ್ಟೆಯಿಂದ ಬಿಸಿಯಾಗುವಷ್ಟು ಉಜ್ಜಿ, ಜೇನುಮೇಣ ಹಚ್ಚಿ. ಮಳೆಯಲ್ಲಿ ನೆನೆದರೆ ನೆರಳಲ್ಲೇ ಒಣಗಲಿ. ಆರಿದ ಮೇಲೆ ಹರಳೆಣ್ಣೆ ನಾಲ್ಕು ಹನಿ, ಅದೂ ಮೇಲಿನ ಪಟ್ಟಿಗೆ ಮಾತ್ರ. ಹೆಚ್ಚಾದರೆ ಅಂಟು ಬಿಡುತ್ತದೆ.